ಒಂದು ತೊಟ್ಟು ಎಣ್ಣೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಮುಂದೆ ಜೀವಮಾನವನ್ನೆಲ್ಲ ಪಾಠ ಪ್ರವಚನಗಳಲ್ಲಿಯೇ ಕಳೆದ ನಮ್ಮಂಥವರು ಮೋಟಾರ್ ಸೈಕಲ್ಲಿನ ಕ್ಲಚ್ ಕೇಬಲ್ಲನ್ನು ಕುರಿತು ಬರೆಯಹೊರಟರೆ ಓದುಗ ಬಂಧುಗಳಿಗೆ ಸೋಜಿಗವೆನಿಸೀತು. ಆದರೆ ಇಂದು ನಮ್ಮ ಸಮಾಜದಲ್ಲಿ ಬೈಕಿಲ್ಲದ ಮನೆ ವಿರಳ. ಮಗ ಕೆಲಸಕ್ಕೆ ಹೋಗುವುದು ಅದರ ಮೇಲೆ, ಸೊಸೆ ಹಿಂದೆ ಕುಳಿತು ತವರಿಗೆ ಹೋಗುವುದು ಅದರ ಮೇಲೆ, ಮೊಮ್ಮಗು ಟ್ಯಾಂಕಿನ ಮೇಲೆ ಕುಳಿತು ಶಾಲೆಗೆ ಹೋಗುವುದೂ ಅದರ ಮೇಲೆಯೇ. ಅಂಥ ವಾಹನದಲ್ಲಿ ಕಿರುಬೆರಳಿಗಿಂತ ಸಣ್ಣದಾದ ಒಂದು ತಂತಿಯನ್ನು ಅಲಕ್ಷಿಸಿದುದರ ಫಲವನ್ನು ನಮ್ಮ ಮನೆಯವರು ಮೂವತ್ತು ವರ್ಷಗಳಿಂದ ತಮ್ಮ ಕೈಯಲ್ಲಿ ಹೊತ್ತುಕೊಂಡಿದ್ದಾರೆ. ಆದಕಾರಣ ಈ ಬರಹ.

ನಾವು ದೀಪಾಂಜಲಿ ನಗರಕ್ಕೆ ಬಂದುದು 1991ರಲ್ಲಿ. ಈಗ ನಮ್ಮ ಮಹಡಿಯ ಕೋಣೆಯಲ್ಲಿ ವಿಜಯಪುರ ಜಿಲ್ಲೆಯ ತರುಣನೊಬ್ಬ ಬಾಡಿಗೆಗಿದ್ದಾನೆ. ಮನೆಮನೆಗೆ ಊಟದ ಪೊಟ್ಟಣಗಳನ್ನು ತಲುಪಿಸುವುದು ಅವನ ಕಾಯಕ. ಬೈಕೇ ಅವನ ನೇಗಿಲು, ಬೈಕೇ ಅವನ ಎತ್ತು. ಕಳೆದ ಆಷಾಢದ ಒಂದು ರಾತ್ರಿ ಆತ ಎಡಗೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದುದನ್ನು ಕಂಡು ಏನಾಯಿತೆಂದು ವಿಚಾರಿಸಿದೆವು.

“ಏನಿಲ್ರಿ ಅಜ್ಜಾರ, ಸಂಜೀ ಆಗೂದ್ರಾಗ ಕೈ ಬಾತಂಗ ಆಗ್ತೈತ್ರಿ. ಈ ಊರಾಗ ಹೆಜ್ಜಿಗೊಂದು ಸಿಗ್ನಲ್, ಕ್ಲಚ್ ಹಿಡಿದು ಹಿಡಿದು ಸಾಕಾಗೈತಿ” ಎಂದನು.

ಕೆಳಗಿಳಿದು ಹೋಗಿ ಅವನ ಬೈಕಿನ ಕ್ಲಚ್ ಲಿವರನ್ನು ನಾವೇ ಒಮ್ಮೆ ಎಳೆದು ನೋಡಿದೆವು. ಅದು ಕೈಗೆ ಬರಲೊಲ್ಲದು. ಬಂದುದು ಹಿಂದಕ್ಕೆ ಹೋಗಲೊಲ್ಲದು. ತಪ್ಪು ಊರಿನ ಸಿಗ್ನಲ್ಲುಗಳದಷ್ಟೇ ಆಗಿರಲಿಲ್ಲ. ಲಿವರಿನ ಬುಡದಲ್ಲಿ ಟಾರ್ಚಿನ ಬೆಳಕು ಬಿಟ್ಟು ನೋಡಿದಾಗ ತಂತಿಯ ಎರಡು ಎಳೆಗಳು ಹರಿದು ಮುಳ್ಳಿನಂತೆ ಹೊರಗೆ ನಿಂತಿದ್ದವು. ಆ ಎರಡು ಮುಳ್ಳುಗಳನ್ನು ಕಂಡೊಡನೆ ನಮ್ಮ ಎದೆ ಝಲ್ಲೆಂದಿತು. ಅಂಥವೇ ಮುಳ್ಳುಗಳನ್ನು ನಾವು 1994ರಲ್ಲಿ ಒಮ್ಮೆ ಕಂಡಿದ್ದೆವು, ಕಂಡೂ ಸುಮ್ಮನಿದ್ದೆವು.

ಆಗ ನಮ್ಮಲ್ಲಿದ್ದುದು ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೆಯ ಬೈಕು. ಅದರ ಕ್ಲಚ್ಚು ಗಟ್ಟಿಯಾಗಿದೆಯೆಂದು ನಮಗೆ ತಿಳಿದಿರಲಿಲ್ಲ. ಇದು ನಂಬಲು ಕಷ್ಟವಾದರೂ ನಿಜ. ಕೇಬಲ್ಲು ಒಂದೇ ದಿನದಲ್ಲಿ ಬಿಗಿಯಾಗುವುದಿಲ್ಲ. ದಿನಕ್ಕೆ ಒಂದು ಎಳ್ಳಿನಷ್ಟು ಬಿಗಿಯಾಗುತ್ತದೆ. ಕೈಯೂ ಅಷ್ಟಷ್ಟೇ ಬಲವನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ. ಹೀಗಾಗಿ ದಿನವೂ ಓಡಿಸುವವನಿಗೇ ಅದರ ಕೇಡು ಕಟ್ಟಕಡೆಗೆ ತಿಳಿಯುವುದು. ನೆರೆಮನೆಯ ಮಿತ್ರರೊಬ್ಬರು ಒಂದು ದಿನ ನಮ್ಮ ಬೈಕನ್ನು ಕೇಳಿ ಪಡೆದು ಓಡಿಸಿ, “ಸ್ವಾಮಿ, ನಿಮ್ಮ ಕ್ಲಚ್ಚು ಕಲ್ಲಿನ ಹಾಗಿದೆ, ಒಮ್ಮೆ ತೋರಿಸಿಬಿಡಿ” ಎಂದರು. ನಾವು ನಕ್ಕೆವು. ವಾರ ಕಳೆದ ಮೇಲೆ ಲಿವರಿನ ಹತ್ತಿರ ಎಳೆ ಹರಿದುದೂ ಕಣ್ಣಿಗೆ ಬಿತ್ತು. ಆ ವಾರ ಚಾಮರಾಜಪೇಟೆಯಲ್ಲಿ ನಮ್ಮದೊಂದು ಉಪನ್ಯಾಸವಿತ್ತು. ಅದು ಮುಗಿಯಲಿ, ಆಮೇಲೆ ನೋಡೋಣವೆಂದುಕೊಂಡೆವು. ಉಪನ್ಯಾಸದ ವಿಷಯ ಅರಿವು ಮತ್ತು ಆಚಾರಗಳ ಹೊಂದಾಣಿಕೆ! ಇದನ್ನು ಬರೆಯುವಾಗ ಇಂದಿಗೂ ನಮಗೆ ನಾಚಿಕೆಯಾಗುತ್ತದೆ.

ಅಂದು ಸಂಜೆ ಮನೆಯವರನ್ನೂ ಹಿಂದೆ ಕೂರಿಸಿಕೊಂಡು ಮೈಸೂರು ರಸ್ತೆಗೆ ಇಳಿದೆವು. ಗಾಳಿ ಆಂಜನೇಯಸ್ವಾಮಿ ಗುಡಿಯ ಹತ್ತಿರ ವಾಹನಗಳೆಲ್ಲ ನಿಂತಿದ್ದವು. ನಾವೂ ಮೊದಲನೆಯ ಗೇರಿನಲ್ಲಿಯೇ ಕ್ಲಚ್ ಹಿಡಿದು ನಿಂತೆವು. ಇದ್ದಕ್ಕಿದ್ದಂತೆ ಟಕ್ ಎಂಬ ಶಬ್ದವಾಯಿತು. ಲಿವರು ನಿರ್ಜೀವವಾಗಿ ಬೆರಳಿಗೆ ಬಂದಿತು. ಬೈಕು ಹಗ್ಗ ಹರಿದ ಹೋರಿಯಂತೆ ಮುಂದಕ್ಕೆ ನೆಗೆದು, ಎದುರಿಗಿದ್ದ ಆಟೋರಿಕ್ಷಾಕ್ಕೆ ತಾಗಿ ನಿಂತಿತು. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದ ಮನೆಯವರು ಹಿಂದಕ್ಕೆ ಬಿದ್ದು ಎಡಗೈ ಊರಿದರು. ಮಣಿಕಟ್ಟು ಮುರಿಯಿತು. ಹಿಂದಿನಿಂದ ಬಂದ ಬಸ್ಸಿನ ಚಾಲಕರು ಸಕಾಲಕ್ಕೆ ಬ್ರೇಕು ಹಾಕಿದುದರಿಂದ ಅಷ್ಟಕ್ಕೇ ಉಳಿಯಿತು. ಆ ಬಸ್ಸಿನ ಮುಂದಿನ ಚಕ್ರಕ್ಕೂ ಅವರ ತಲೆಗೂ ನಡುವೆ ಇದ್ದ ದೂರವನ್ನು ನಾವು ಎಷ್ಟೋ ರಾತ್ರಿ ಕನಸಿನಲ್ಲಿ ಅಳೆದಿದ್ದೇವೆ.

ಮೂಳೆ ಕೂಡಿತು, ಆದರೆ ಕೈ ಮೊದಲಿನಂತಾಗಲಿಲ್ಲ. ಇಂದಿಗೂ ಅವರು ಹಿಟ್ಟು ನಾದುವುದು ಬಲಗೈಯೊಂದರಿಂದಲೇ. ಮಾಗಿಯ ಚಳಿಯಲ್ಲಿ ನೋವು ಮರುಕಳಿಸುತ್ತದೆ. ಅವರು ಒಂದು ದಿನವೂ ನಮ್ಮನ್ನು ದೂರಿದವರಲ್ಲ. ದೂರಿದ್ದರೆ ನಮ್ಮ ಭಾರ ಸ್ವಲ್ಪ ಇಳಿಯುತ್ತಿತ್ತೇನೋ.

ಬೈಕನ್ನು ತಳ್ಳಿಕೊಂಡು ಹೋಗಿ ನಮ್ಮ ಬಡಾವಣೆಯ ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ಅಲ್ಲಿಯ ಹಿರಿಯ ಮೆಕ್ಯಾನಿಕರು ತುಂಡಾದ ಕೇಬಲ್ಲನ್ನು ಹೊರಗೆಳೆದು ನಮ್ಮ ಕೈಗಿತ್ತು, “ಮೇಷ್ಟ್ರೇ, ಇದು ಒಂದೇ ದಿನಕ್ಕೆ ಕಿತ್ತುಹೋಗೋದಲ್ಲ. ಮುಂಚೆನೇ ಹೇಳಿರುತ್ತೆ. ಕೇಳಿಸ್ಕೊಳ್ಳೋರು ಬೇಕು” ಎಂದರು. ನಾವು ಓದಿದ ಗ್ರಂಥಗಳಲ್ಲಿ ಆ ಮಾತು ಬೇರೆ ಬೇರೆ ರೂಪದಲ್ಲಿ ಇತ್ತು; ಆದರೆ ನಾಟಿದುದು ಅಂದು. ಅಂದಿನಿಂದ ಅವರನ್ನೇ ಗುರುವೆಂದು ಭಾವಿಸಿ ಈ ಕೆಲಸವನ್ನು ಕಲಿತೆವು. ಕಲಿತುದನ್ನು ಓದುಗರ ಮುಂದಿಡುತ್ತೇವೆ.

ಮೊದಲು ಕೇಬಲ್ಲು ಏನೆಂಬುದನ್ನು ತಿಳಿಯಬೇಕು. ಎಂಜಿನ್ನಿನೊಳಗೆ ಒಂದರ ಮೇಲೊಂದು ಜೋಡಿಸಿದ ಬಿಲ್ಲೆಗಳಿರುತ್ತವೆ. ಅವನ್ನು ಸ್ಪ್ರಿಂಗುಗಳು ಒತ್ತಿ ಹಿಡಿದಿರುವಾಗ ಎಂಜಿನ್ನಿನ ಶಕ್ತಿ ಗೇರಿನ ಮೂಲಕ ಹಿಂಚಕ್ರಕ್ಕೆ ಹೋಗುತ್ತದೆ. ಕ್ಲಚ್ ಲಿವರನ್ನು ಎಳೆದಾಗ ಆ ಒತ್ತಡ ಸಡಿಲಿ ಬಿಲ್ಲೆಗಳು ಬೇರೆಯಾಗುತ್ತವೆ. ಎಂಜಿನ್ನು ತಿರುಗುತ್ತಿದ್ದರೂ ಚಕ್ರ ನಿಂತಿರುತ್ತದೆ. ಕೈಯ ಈ ಎಳೆತವನ್ನು ಎಂಜಿನ್ನಿಗೆ ಮುಟ್ಟಿಸುವ ದೂತನೇ ಕೇಬಲ್ಲು. ಹಲವು ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ಒಳತಂತಿಯು, ಸುರುಳಿ ಸುತ್ತಿದ ಉಕ್ಕಿನ ಹೊರಕವಚದೊಳಗೆ ಸರಿದಾಡುತ್ತದೆ. ಕವಚಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಒಳತಂತಿಯ ಎರಡು ತುದಿಗಳಲ್ಲಿಯೂ ನಿಪ್ಪಲ್ ಎಂಬ ಸಣ್ಣ ಲೋಹದ ಗುಂಡುಗಳಿದ್ದು, ಒಂದು ಲಿವರಿನಲ್ಲಿ, ಇನ್ನೊಂದು ಎಂಜಿನ್ನಿನ ಕಡೆಯ ಕೊಕ್ಕೆಯಲ್ಲಿ ಕೂರುತ್ತದೆ. ಬಗ್ಗಿಸಿದ ಕೊಳವೆಯೊಳಗಿನಿಂದ ಎಳೆತವನ್ನು ಸಾಗಿಸುವ ಈ ಉಪಾಯಕ್ಕೆ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದನು. ಇಂದಿಗೂ ಇದನ್ನು ಬೌಡನ್ ಕೇಬಲ್ಲೆಂದೇ ಕರೆಯುವುದುಂಟು. ಸೈಕಲ್ಲಿನ ಬ್ರೇಕಿನಲ್ಲಿರುವುದೂ ಇದೇ.

ಎಣ್ಣೆ ಒಣಗಿದರೆ ಇಷ್ಟೇಕೆ ಬಿಗಿಯಾಗಬೇಕು? ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಹುರಿಯಾಳು ಹೋರಿಯನ್ನು ಬರಿಗೈಯಿಂದ ಹಿಡಿದು ನಿಲ್ಲಿಸಲಾಗದು; ಅದರ ಹಗ್ಗವನ್ನು ಕಂಬಕ್ಕೆ ಒಂದೆರಡು ಸುತ್ತು ಸುತ್ತಿದರೆ ಹುಡುಗನೂ ಹಿಡಿದು ನಿಲ್ಲಬಲ್ಲ. ಹಗ್ಗವು ಕಂಬವನ್ನು ಬಳಸಿದಷ್ಟೂ ಉಜ್ಜಾಟ ಹೆಚ್ಚುತ್ತದೆ. ಕೇಬಲ್ಲಿನಲ್ಲಿ ಪ್ರತಿಯೊಂದು ಬಾಗೂ ಅಂಥ ಒಂದು ಕಂಬ. ಒಳತಂತಿ ಅಲ್ಲಿ ಕವಚದ ಗೋಡೆಗೆ ಒತ್ತಿ ಉಜ್ಜುತ್ತದೆ. ಎಣ್ಣೆಯಿದ್ದರೆ ಜಾರುತ್ತದೆ, ತುಕ್ಕು ಧೂಳುಗಳಿದ್ದರೆ ಹಿಡಿದುಕೊಳ್ಳುತ್ತದೆ. ಆದಕಾರಣ ಕೇಬಲ್ಲನ್ನು ತೀವ್ರವಾಗಿ ಮುರಿದು ಬಗ್ಗಿಸಬಾರದು; ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಅದು ಎಲ್ಲಿಯೂ ಸಿಕ್ಕಿಕೊಳ್ಳಬಾರದು, ಸೆಳೆಯಬಾರದು.

ಇನ್ನು ಎಳೆಗಳು ಹರಿಯುವುದೇಕೆ? ಅವು ಬಹುಮಟ್ಟಿಗೆ ನಡುವೆ ಹರಿಯುವುದಿಲ್ಲ. ನಿಪ್ಪಲ್ಲಿನ ಬುಡದಲ್ಲಿ ಹರಿಯುತ್ತವೆ. ಲಿವರನ್ನು ಎಳೆದಾಗ ನಿಪ್ಪಲ್ಲು ತನ್ನ ಗುಳಿಯಲ್ಲಿ ತುಸು ಹೊರಳಬೇಕು. ಗುಳಿ ಒಣಗಿದ್ದರೆ ಅದು ಹೊರಳದೆ ಕಚ್ಚಿಕೊಳ್ಳುತ್ತದೆ. ಆಗ ಹೊರಳುವ ಬದಲು ತಂತಿಯೇ ಬುಡದಲ್ಲಿ ಬಾಗುತ್ತದೆ. ತಂತಿಯೊಂದನ್ನು ಮುರಿಯಬೇಕಾದರೆ ಅತ್ತ ಇತ್ತ ಬಗ್ಗಿಸುತ್ತೇವಲ್ಲವೇ? ನಗರದಲ್ಲಿ ಓಡಿಸುವವನು ದಿನಕ್ಕೆ ನೂರಾರು ಬಾರಿ ಅದನ್ನೇ ಮಾಡುತ್ತಿರುತ್ತಾನೆ. ಎಲ್ಲರೂ ಕೇಬಲ್ಲಿನೊಳಗೆ ಎಣ್ಣೆ ಬಿಡುವುದನ್ನೇ ಹೇಳುತ್ತಾರೆ. ನಮ್ಮ ಗುರುಗಳು ಮಾತ್ರ ನಿಪ್ಪಲ್ಲಿಗೆ ಹಚ್ಚುವ ಉದ್ದಿನಕಾಳಿನಷ್ಟು ಗ್ರೀಸನ್ನೇ ಮೊದಲು ಹೇಳಿದರು.

ಎಣ್ಣೆಯ ವಿಷಯದಲ್ಲಿ ನಾವು ಮಾಡಿದ ಮತ್ತೊಂದು ಮೂರ್ಖತನವನ್ನೂ ಮುಚ್ಚಿಡುವುದಿಲ್ಲ. ಹೊಸ ಕೇಬಲ್ಲು ಹಾಕಿಸಿದ ಕೆಲವು ತಿಂಗಳ ಮೇಲೆ, ಇನ್ನು ಅಲಕ್ಷ್ಯ ಕೂಡದೆಂದು ನಿಶ್ಚಯಿಸಿ, ದೇವರ ಗೂಡಿನ ಪಕ್ಕದಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಬಿಟ್ಟೆವು. ಡಿಸೆಂಬರ್ ಬಂದಿತು. ಬೆಳಗಿನ ಜಾವ ಲಿವರನ್ನು ಎಳೆದರೆ ಅದು ಹಿಂದಕ್ಕೆ ಹೋಗಲೇ ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಗು ಅದಕ್ಕಿಂತ ಬಹಳ ತಂಪು. ಗ್ಯಾರೇಜಿನವರು ಮೂಸಿ ನೋಡಿ, “ಇದು ತಲೆಗೆ ಹಚ್ಚೋ ಎಣ್ಣೆ ಮೇಷ್ಟ್ರೇ, ಕೇಬಲ್ಲಿಗೇನು ಕೂದಲು ಬೆಳೆಸಬೇಕೇ?” ಎಂದು ನಕ್ಕರು. ಹರಳೆಣ್ಣೆ ಬಂಡಿಯ ಅಚ್ಚಿಗೆ ಸರಿ. ಈ ಸಣ್ಣ ಕೊಳವೆಗೆ ಅದು ಮಂದ. ಗ್ರೀಸು ಒಳಗೆ ಇಳಿಯುವುದೂ ಇಲ್ಲ. ಬಾಯಲ್ಲಿಯೇ ಉಳಿದು ಧೂಳನ್ನು ಹಿಡಿಯುತ್ತದೆ. ತಕ್ಕುದಾದುದು ತೆಳುವಾದ ಯಂತ್ರದ ಎಣ್ಣೆ: ಹೊಲಿಗೆ ಯಂತ್ರಕ್ಕೆ ಹಾಕುವಂಥದು ಅಥವಾ ಹೊಸ ಎಂಜಿನ್ ಆಯಿಲ್. ಎಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯನ್ನು ಉಳಿತಾಯದ ಆಸೆಯಿಂದ ಬಳಸಬಾರದು. ಅದರಲ್ಲಿ ಸವೆದ ಲೋಹದ ಪುಡಿ, ಮಸಿ ಇರುತ್ತವೆ.

ಈಗ ಕ್ರಮವನ್ನು ಹೇಳುತ್ತೇವೆ. ಎಂಜಿನ್ನು ತಣ್ಣಗಿರುವಾಗ ಲಿವರಿನ ಹತ್ತಿರವಿರುವ ಅಡ್ಜಸ್ಟರಿನ ಲಾಕ್‌ನಟ್ಟನ್ನು ಸಡಿಲಿಸಿ, ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಬೇಕು. ಅದರಲ್ಲಿಯೂ ನಟ್ಟಿನಲ್ಲಿಯೂ ಲಿವರಿನಲ್ಲಿಯೂ ಒಂದೊಂದು ಸೀಳು ಇರುತ್ತದೆ. ಮೂರನ್ನೂ ಒಂದೇ ನೇರಕ್ಕೆ ತಂದರೆ ತಂತಿ ಸುಲಭವಾಗಿ ಹೊರಬರುತ್ತದೆ. ಹೊರಬಂದ ತುದಿಯನ್ನು ಮೇಲ್ಮುಖವಾಗಿ ಹಿಡಿದು, ಕವಚದ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಪೊಟ್ಟಣವನ್ನು ಆಲಿಕೆಯಂತೆ ಸುತ್ತಿ, ಬುಡವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಬೇಕು. ಆಲಿಕೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ, ಒಳತಂತಿಯನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಕೆಳತುದಿಯಲ್ಲಿ ಒಂದು ಡಬ್ಬಿ ಇಡಬೇಕು. ಮೊದಲು ಇಳಿಯುವ ಎಣ್ಣೆ ತುಕ್ಕಿನ ಬಣ್ಣದ್ದಾಗಿರುತ್ತದೆ. ತಿಳಿಯಾದ ಎಣ್ಣೆ ಬರುವವರೆಗೂ ಮುಂದುವರಿಸಬೇಕು. ಅವಸರವಿಲ್ಲದಿದ್ದರೆ ರಾತ್ರಿಯೆಲ್ಲ ಹಾಗೆಯೇ ಬಿಡುವುದು ಮೇಲು. ಆಮೇಲೆ ನಿಪ್ಪಲ್ಲಿಗೂ ಲಿವರು ತಿರುಗುವ ಬೋಲ್ಟಿಗೂ ಗ್ರೀಸು ಸವರಿ ಮೊದಲಿನಂತೆ ಜೋಡಿಸಬೇಕು.

ಜೋಡಿಸಿದ ಮೇಲೆ ಲಿವರಿನ ತುದಿಯಲ್ಲಿ ಸ್ವಲ್ಪ ಸಡಿಲು ಉಳಿಯಬೇಕು; ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್. ನಿಖರವಾದ ಅಳತೆ ಆಯಾ ಬೈಕಿನ ಕೈಪಿಡಿಯಲ್ಲಿರುತ್ತದೆ. ಸಡಿಲೇ ಇಲ್ಲದಿದ್ದರೆ ಬಿಲ್ಲೆಗಳು ಪೂರ್ತಿ ಕೂಡದೆ ಜಾರಿ ಸುಟ್ಟುಹೋಗುತ್ತವೆ. ಸಡಿಲು ಅತಿಯಾದರೆ ಪೂರ್ತಿ ಬಿಡದೆ ಗೇರು ಕಿರುಗುಟ್ಟುತ್ತದೆ, ನ್ಯೂಟ್ರಲ್ ಸಿಕ್ಕುವುದಿಲ್ಲ. ಕೊನೆಗೆ ಲಾಕ್‌ನಟ್ಟನ್ನು ಬಿಗಿದು, ಸೀಳುಗಳು ಒಂದೇ ನೇರಕ್ಕೆ ಇಲ್ಲದಂತೆ ನೋಡಿ, ರಬ್ಬರ್ ಮುಸುಕನ್ನು ಮರೆಯದೆ ಹಾಕಬೇಕು. ಈಚಿನ ಕೆಲವು ಕೇಬಲ್ಲುಗಳ ಕವಚದೊಳಗೆ ನೈಲಾನಿನಂಥ ನುಣುಪಾದ ಒಳಪದರ ಇರುತ್ತದೆ. ಅಂಥವುಗಳಿಗೆ ಎಣ್ಣೆ ಬೇಕೇ ಬೇಡವೇ ಎಂಬುದನ್ನು ಕೈಪಿಡಿ ನೋಡಿಯೇ ತಿಳಿಯಬೇಕು. ಒಂದೇ ಒಂದು ಎಳೆ ಹರಿದಿದ್ದರೂ ಎಣ್ಣೆಯಿಂದ ಪ್ರಯೋಜನವಿಲ್ಲ, ಕೇಬಲ್ಲನ್ನೇ ಬದಲಿಸಬೇಕು.

ನಮ್ಮ ನಾಡಿನಲ್ಲಿಯೇ ತಯಾರಾದ ಒಂದು ವಾಹನವನ್ನು ಇಲ್ಲಿ ನೆನೆಯದಿರಲಾರೆವು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ಲುಗಳು, ಮುಂದೆ ಯೆಜ್ಡಿ ಎಂಬ ಹೆಸರಿನವು, ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾದಲ್ಲಿ ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿತ್ತು. ಅದನ್ನು ಕಾಲಿನಿಂದ ಅದುಮಿದಾಗ ಒಳಗೆ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಇತ್ತು. ಕೇಬಲ್ಲು ತುಂಡಾದರೂ ಬಲ್ಲವನು ಹೇಗೋ ಗೇರು ಬದಲಿಸಿಕೊಂಡು ಮನೆ ಸೇರಬಹುದಾಗಿತ್ತು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಮೈಸೂರು ಬೆಂಗಳೂರುಗಳಲ್ಲಿ ಆ ಹಳೆಯ ಬಂಡಿಗಳು ಇಂದಿಗೂ ಓಡುತ್ತಿವೆ. ಓಡಿಸುವವರನ್ನು ನಿಲ್ಲಿಸಿ ಕೇಳಿದರೆ ಗುಟ್ಟು ತಿಳಿಯುತ್ತದೆ: ಬಂಡಿ ಗಟ್ಟಿಯಾಗಿತ್ತೆಂಬುದು ಅರ್ಧ ಮಾತು, ಒಡೆಯನು ವಾರಕ್ಕೊಮ್ಮೆ ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತನೆಂಬುದು ಉಳಿದರ್ಧ.

ಆದರೆ ಎಲ್ಲ ಬೈಕುಗಳಲ್ಲಿಯೂ ಆ ಏರ್ಪಾಡಿಲ್ಲ. ಆದುದರಿಂದ ತರುಣರಿಗೆ ಎರಡು ಮಾತು. ಸಿಗ್ನಲ್ಲಿನಲ್ಲಿ ನಿಂತಾಗ ಕ್ಲಚ್ ಹಿಡಿದು ಗೇರಿನಲ್ಲಿ ಕಾಯಬೇಡಿ, ನ್ಯೂಟ್ರಲ್ಲಿಗೆ ತನ್ನಿ. ಅಂದು ನಾವು ಹಾಗೆ ಮಾಡಿದ್ದರೆ ಕೇಬಲ್ಲು ತುಂಡಾದರೂ ಬೈಕು ನೆಗೆಯುತ್ತಿರಲಿಲ್ಲ. ಓಡುತ್ತಿರುವಾಗ ತುಂಡಾದರೆ ಗಾಬರಿಪಡದೆ ವೇಗ ತಗ್ಗಿಸಿ, ಕಾಲಿನಿಂದ ನ್ಯೂಟ್ರಲ್ಲಿಗೆ ತಂದು, ಬ್ರೇಕು ಹಿಡಿದು ರಸ್ತೆಯ ಅಂಚಿಗೆ ನಿಲ್ಲಿಸಿ. ಜನಸಂದಣಿಯಲ್ಲಿ ಹಾಗೆಯೇ ಓಡಿಸಿಕೊಂಡು ಬರುವ ಸಾಹಸ ಬೇಡ. ತಳ್ಳಿಕೊಂಡು ಬರುವುದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಆಯುಧಪೂಜೆಯ ಹಿಂದಿನ ದಿನ ನಮ್ಮ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಬೈಕುಗಳಿಗೆ ಜಳಕ. ಪೈಪಿನ ನೀರನ್ನು ರಭಸದಿಂದ ಹೊಡೆಯುವಾಗ ಅದು ಕೇಬಲ್ಲಿನ ಬಾಯಿಗೂ ನುಗ್ಗಿ, ಉಳಿದಿದ್ದ ಎಣ್ಣೆಯನ್ನು ತೊಳೆದು, ತುಕ್ಕಿಗೆ ದಾರಿ ಮಾಡುತ್ತದೆ. ಮರುದಿನ ವಿಭೂತಿ, ಕುಂಕುಮ, ಹೂವಿನ ಹಾರ, ಚಕ್ರದಡಿಯಲ್ಲಿ ನಿಂಬೆಹಣ್ಣು ಎಲ್ಲವೂ ಆಗುತ್ತದೆ. ಒಂದು ತೊಟ್ಟು ಎಣ್ಣೆ ಮಾತ್ರ ಆಗುವುದಿಲ್ಲ. ಪೂಜೆ ಬೇಡವೆಂದು ನಾವು ಹೇಳುವವರಲ್ಲ. ಎಣ್ಣೆಯನ್ನೂ ಪೂಜೆಯ ಸಾಮಗ್ರಿಯಲ್ಲಿ ಸೇರಿಸಿಕೊಳ್ಳಿ ಎಂಬುದಷ್ಟೇ ನಮ್ಮ ವಿನಂತಿ. ನಾವು ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಈ ಕೆಲಸ ಮಾಡುತ್ತ ಬಂದಿದ್ದೇವೆ. ಊರೆಲ್ಲ ಸುತ್ತುವ ಬೈಕಿಗೆ ಅದು ಸಾಲದು. ಇನ್ನೂ ಬೇಗ ಬೇಗ ಆಗಬೇಕು.

ಆ ತರುಣನ ಸಂಗತಿಗೆ ಮರಳೋಣ. ಮರುದಿನ ಬೆಳಿಗ್ಗೆ ಆತನನ್ನು ಕೆಲಸಕ್ಕೆ ಹೋಗಗೊಡಲಿಲ್ಲ. “ಒಂದು ದಿನದ ದುಡಿಮಿ ಹೋಗ್ತೈತ್ರಿ ಅಜ್ಜಾರ” ಎಂದು ಗೋಗರೆದನು. ಅವನ ಮಾತೂ ನಿಜವೇ. ಊರಿನಲ್ಲಿ ತಂದೆಯ ಔಷಧಕ್ಕೆ ಪ್ರತಿ ವಾರ ಹಣ ಕಳುಹಿಸಬೇಕಾದವನು ಅವನು. ಆಗ ನಮ್ಮ ಮನೆಯವರು ಒಳಗಿನಿಂದ ಬಂದು, ಏನೂ ಹೇಳದೆ, ಸೆರಗನ್ನು ಸರಿಸಿ ತಮ್ಮ ಸೊಟ್ಟ ಮಣಿಕಟ್ಟನ್ನು ಅವನ ಮುಂದೆ ಹಿಡಿದರು. ಹುಡುಗನು ಮತ್ತೆ ಮಾತಾಡಲಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಮೆಟ್ರೋ ಬಸ್ಸುಗಳನ್ನು ಹಿಡಿದು ಹೋಗಿ, ಹಳೆಯ ಕೇಬಲ್ಲನ್ನು ತೋರಿಸಿ, ಅದೇ ಅಳತೆಯ ಹೊಸತನ್ನು ತಂದನು. ಮಧ್ಯಾಹ್ನದೊಳಗೆ ನಾವಿಬ್ಬರೂ ಕೂಡಿ ಎಣ್ಣೆ ಬಿಟ್ಟು ಜೋಡಿಸಿದೆವು. ಅರ್ಧ ದಿನದ ದುಡಿಮೆ ಅವನಿಗೆ ಉಳಿಯಿತು.

ಕೆಲಸ ಮುಗಿದ ಮೇಲೆ ನಮ್ಮಲ್ಲಿ ಒಂದು ಪರೀಕ್ಷೆ ಉಂಟು. ಓಡಿಸುವವನ ಕೈಯನ್ನು ನಾವು ನಂಬುವುದಿಲ್ಲ. ಅದು ರೂಢಿಯ ಕೈ. ನಮ್ಮ ಮನೆಯವರನ್ನು ಕರೆಯುತ್ತೇವೆ. ಅವರು ಬಂದು ಆ ಎಡಗೈಯಿಂದಲೇ ಲಿವರನ್ನು ಎಳೆಯುತ್ತಾರೆ. ಅಂದೂ ಬಂದು ಎಳೆದರು. ಲಿವರು ಹಗುರವಾಗಿ ಬಂದು, ಬಿಟ್ಟೊಡನೆ ತನ್ನ ಜಾಗಕ್ಕೆ ಹೋಯಿತು.

“ಹೋಗಿ ಬಾರಪ್ಪ. ನಿಧಾನವಾಗಿ ಹೋಗು” ಎಂದು ಹೇಳಿ ಅವರು ಒಳಗೆ ಹೋದರು. ನಾವು ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಎಂದಿನಂತೆ ಬಾಗಿಲ ಪಕ್ಕದ ಗೂಡಿನಲ್ಲಿ, ಹೊರಗೆ ಹೋಗುವವರೆಲ್ಲರ ಕಣ್ಣಿಗೆ ಬೀಳುವಂತೆ ಇಟ್ಟೆವು.